ಬೆಟ್ಟದ ಸೈಕಲ್ ದಾರಿ: ಕಟ್ಟೋಕೆ ಒಂದ್ಸಲ ದುಡ್ಡು, ಕಾಯೋಕೆ ಪ್ರತಿ ವರ್ಷ

ಮೌಂಟನ್ ಬೈಕ್ ಅಂದರೆ ಮೋಟರ್ ಬೈಕ್ ಅಲ್ಲ. ದಪ್ಪ ಟಯರಿನ, ಗೇರ್ ಇರುವ ಸೈಕಲ್. ಬೆಟ್ಟ, ಕಾಡಿನಲ್ಲಿ ಇದು ಓಡುವ ಕಿರುದಾರಿಗೆ ಟ್ರೇಲ್ ಅಂತಾರೆ. ಡಾಂಬರು ಇಲ್ಲ, ಕಾಂಕ್ರೀಟು ಇಲ್ಲ. ಮಣ್ಣು, ಕಲ್ಲು, ಅಲ್ಲಲ್ಲಿ ಮರದ ಕಾಲುಸೇತುವೆ ಅಷ್ಟೇ. ಅಮೆರಿಕ, ಆಸ್ಟ್ರೇಲಿಯಾದ ಕೆಲವು ಸಣ್ಣ ಊರುಗಳಲ್ಲಿ ಇಂಥ ದಾರಿಗಳಿಂದಲೇ ಅಂಗಡಿ, ಹೋಟೆಲುಗಳಿಗೆ ಗಿರಾಕಿ ಬರ್ತಾರೆ. ಇದಕ್ಕೆ ಹಣ ಹೇಗೆ ಹೊಂದಿಸುತ್ತಾರೆ? ಇಲ್ಲಿದೆ ವಿವರ.

ಖರ್ಚು ಯಾಕೆ ಮುಗಿಯಲ್ಲ?

ಟ್ರೇಲಿಗೆ ದೊಡ್ಡ ಶತ್ರು ನೀರು. ಮಳೆನೀರು ದಾರಿ ಹಿಡಿದು ಹರಿದರೆ ಒಂದೇ ಮಳೆಗಾಲದಲ್ಲಿ ಕೊರಕಲು ಬೀಳುತ್ತೆ. ಅದಕ್ಕೇ ದಾರಿಯನ್ನು ಇಳಿಜಾರಿನ ಕಡೆಗೆ ಸ್ವಲ್ಪ ವಾಲಿಸಿ ಕಡಿಯುತ್ತಾರೆ, ನೀರು ಅಡ್ಡ ಹರಿದು ಆಚೆ ಹೋಗಲಿ ಅಂತ. ಬೆಟ್ಟದ ನೆತ್ತಿಯಿಂದ ನೇರ ಕೆಳಗೆ ದಾರಿ ಇಳಿಸುವುದಿಲ್ಲ, ಬಳಸಿ ಇಳಿಸುತ್ತಾರೆ. ಇಷ್ಟು ಮಾಡಿದರೂ ಬಿದ್ದ ಮರ ತೆಗೀಬೇಕು, ಸೇತುವೆ ಹಲಗೆ ಬದಲಿಸಬೇಕು, ಸವೆದ ತಿರುವಿಗೆ ಮಣ್ಣು ತುಂಬಬೇಕು. ಈ ಕೆಲಸ ವರ್ಷವರ್ಷವೂ ಇರುತ್ತೆ.

ಸರ್ಕಾರದ ಹಣದಲ್ಲಿ ಕಟ್ಟಿದ ಊರು

ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿರುವ ಡರ್ಬಿ ಹಿಂದೆ ತವರದ ಗಣಿಗೆ ಹೆಸರಾದ ಊರು. ಗಣಿ ನಿಂತ ಮೇಲೆ ಜನ ಕರಗಿದರು. 2015ರಲ್ಲಿ ಸರ್ಕಾರದ ಅನುದಾನದಿಂದ 'ಬ್ಲೂ ಡರ್ಬಿ' ಟ್ರೇಲುಗಳು ತೆರೆದವು. ಆಮೇಲೆ ಹಳೇ ಮನೆಗಳು ಪ್ರವಾಸಿಗರ ವಸತಿಗಳಾದವು, ಕೆಫೆ, ಸೈಕಲ್ ಅಂಗಡಿ ಬಂದವು. ಆದರೆ ಇಲ್ಲಿ ಸವಾರಿಗೆ ಶುಲ್ಕವಿಲ್ಲ. ಕಟ್ಟುವ ಅನುದಾನ ಒಂದು ಸಲದ್ದು, ನಿರ್ವಹಣೆಯ ಹೊರೆ ಸ್ಥಳೀಯ ಸಂಸ್ಥೆಯದ್ದು. ಹಾಗಾಗಿ ದೇಣಿಗೆ ಕೇಳಲು ಪ್ರತಿಷ್ಠಾನವನ್ನೇ ಮಾಡಿಕೊಳ್ಳಬೇಕಾಯಿತು.

ಅಂಗಡಿ ಲಾಭವೇ ದಾರಿಗೆ

ಕ್ಯಾಲಿಫೋರ್ನಿಯಾದ ಡೌನಿವಿಲ್ ಚಿನ್ನದ ಗಣಿಗಾರಿಕೆ ಕಾಲದ ಊರು. ಇಲ್ಲಿನ ದಾರಿಗಳನ್ನು ನೋಡಿಕೊಳ್ಳೋದು 2003ರಲ್ಲಿ ಶುರುವಾದ ಸಿಯೆರಾ ಬ್ಯೂಟ್ಸ್ ಟ್ರೇಲ್ ಸ್ಟೀವರ್ಡ್‌ಶಿಪ್ ಎಂಬ ಲಾಭರಹಿತ ಸಂಸ್ಥೆ. ಊರಿನ ಒಂದು ಸೈಕಲ್ ಅಂಗಡಿ ಈ ಸಂಸ್ಥೆಯದ್ದೇ. ಅದರ ಲಾಭವೂ, ಸೈಕಲ್ ರೇಸಿನಿಂದ ಬರುವ ಹಣವೂ ದಾರಿ ಕೆಲಸಕ್ಕೆ ಹೋಗುತ್ತೆ. ದುಡ್ಡು ಕೊಡಲಾಗದವರು ಗುದ್ದಲಿ ಹಿಡಿದು ಶ್ರಮದಾನ ಮಾಡ್ತಾರೆ.

ಪಾಸ್ ಪದ್ಧತಿ

ಅಮೆರಿಕದ ವರ್ಮಾಂಟ್ ರಾಜ್ಯದ ಈಸ್ಟ್ ಬರ್ಕ್‌ನಲ್ಲಿ 1994ರಲ್ಲಿ ಊರವರು, ವ್ಯಾಪಾರಿಗಳು ಸೇರಿ 'ಕಿಂಗ್‌ಡಮ್ ಟ್ರೇಲ್ಸ್' ಕಟ್ಟಿದರು. ಸುಮಾರು 160 ಕಿ.ಮೀ. ದಾರಿ ಇದೆ. ಸವಾರರು ದಿನದ ಪಾಸ್ ಅಥವಾ ವರ್ಷದ ಸದಸ್ಯತ್ವ ಕೊಳ್ಳಬೇಕು. ಆ ಹಣದಿಂದಲೇ ಕೆಲಸಗಾರರ ಸಂಬಳ, ಹೊಸ ದಾರಿ, ರಿಪೇರಿ. ಹಿಮ ಕರಗಿ ನೆಲ ಕೆಸರಾಗುವ ವಸಂತದಲ್ಲಿ ದಾರಿ ಹಾಳಾಗದಿರಲಿ ಅಂತ ಬಂದ್ ಮಾಡ್ತಾರೆ. ಆಗ ದಿನದ ಪಾಸಿನ ವ್ಯಾಪಾರವೂ ಬಂದ್.

ಇನ್ನೊಂದು ವಿಷಯ: ಇಲ್ಲಿನ ಬಹುಪಾಲು ದಾರಿ ಹಾದುಹೋಗೋದು ಖಾಸಗಿ ಜಮೀನಿನಲ್ಲಿ. ನೂರರ ಆಸುಪಾಸಿನ ಮಾಲೀಕರು ಬಾಡಿಗೆ ಪಡೆಯದೆ ಜಾಗ ಬಿಟ್ಟುಕೊಟ್ಟಿದ್ದಾರೆ. ಹೀಗೆ ಉಚಿತವಾಗಿ ಜಾಗ ಬಿಟ್ಟವರ ಮೇಲೆ, ಸವಾರ ಬಿದ್ದು ಪೆಟ್ಟಾದರೆ ಸುಲಭಕ್ಕೆ ಕೇಸು ನಿಲ್ಲದಂತೆ ರಾಜ್ಯದ ಕಾನೂನೂ ಇದೆ.

ಹಣ ಇದ್ದೂ ದಾರಿ ಹೋಯ್ತು

ಆದರೂ 2019ರ ಡಿಸೆಂಬರ್‌ನಲ್ಲಿ ಮೂವರು ಮಾಲೀಕರು ತಮ್ಮ ಜಮೀನಿನಲ್ಲಿ ಸೈಕಲ್ ಬೇಡ ಅಂದುಬಿಟ್ಟರು. ಎರಡು ಸಾವಿರ ಜನರೂ ಇಲ್ಲದ ಊರಿಗೆ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಸಲ ಸವಾರರು ಬಂದು ಹೋಗುತ್ತಿದ್ದ ಕಾಲ ಅದು. ಜನಜಂಗುಳಿ, ಕೆಲವರ ನಡತೆ ಮಾಲೀಕರಿಗೆ ಸಾಕಾಗಿತ್ತು. ಜನಪ್ರಿಯ ದಾರಿಗಳೇ ಕೈತಪ್ಪಿದವು. ಮೂವರದ್ದು ಸ್ವಂತ ಜಮೀನು, ತಡೆಯೋ ಹಾಗಿರಲಿಲ್ಲ. ಪಾಸಿನ ದುಡ್ಡು ಪೆಟ್ಟಿಗೆಯಲ್ಲಿದ್ದರೂ ಉಪಯೋಗಕ್ಕೆ ಬರಲಿಲ್ಲ. ಆಮೇಲೆ ಸಂಸ್ಥೆ ಸವಾರರಿಗೆ ನಡತೆ ತಿಳಿಹೇಳೋರನ್ನು ದಾರಿಗೆ ಬಿಟ್ಟಿತು, ಎಷ್ಟು ಜನರನ್ನು ಊರು ತಡೆದುಕೊಳ್ಳಬಲ್ಲದು ಅಂತ ಅಧ್ಯಯನ ಮಾಡಿಸಿತು.

ಚಂದಾ ಎತ್ತುವ ಮೊದಲು

ಮೂರು ಊರುಗಳ ಅನುಭವದಿಂದ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು:

* ಐದನೇ ವರ್ಷದ ರಿಪೇರಿಗೆ ಹಣ ಯಾರದ್ದು?
* ಜಾಗ ಯಾರದ್ದು, ಒಪ್ಪಿಗೆ ಬರವಣಿಗೆಯಲ್ಲಿದೆಯಾ?
* ಗದ್ದಲ, ಪಾರ್ಕಿಂಗ್ ಸಹಿಸುವ ಅಕ್ಕಪಕ್ಕದವರಿಗೆ ಮಾತಾಡೋಕೆ ಅವಕಾಶ ಇದೆಯಾ?
* ಲೆಕ್ಕ ಎಲ್ಲರಿಗೂ ಸಿಗುತ್ತಾ? ಅಮೆರಿಕದಲ್ಲಿ ಇಂಥ ಸಂಸ್ಥೆಗಳು ತೆರಿಗೆ ಇಲಾಖೆಗೆ ಕೊಡುವ ವಾರ್ಷಿಕ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು.