ಪುತ್ತೂರು ಸೀಮೆಯ ಹಳೆ ಗಾಡಿಗಳ ಹೆಡ್‌ಲೈಟ್ ರಿಪೇರಿ

ಹಳೆಯ ಜೀಪು ಮತ್ತು ಕಾರುಗಳ ಹೆಡ್‌ಲೈಟ್ ಕೆಡುವುದು ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಬಹುಮಟ್ಟಿಗೆ ಮಳೆಯಿಂದ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪುತ್ತೂರಿನಿಂದ ನರಿಮೊಗರು, ಸವಣೂರು, ಕಾಣಿಯೂರು ದಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆಯ ಇಕ್ಕೆಲಗಳಲ್ಲಿ ಅಡಿಕೆ ತೋಟ, ಗುಡ್ಡ, ಒಳಕ್ಕೆ ಕವಲೊಡೆಯುವ ಮಣ್ಣಿನ ದಾರಿಗಳು. ಬೀದಿದೀಪವಿಲ್ಲದ ಇಂಥ ದಾರಿಯಲ್ಲಿ ಮಳೆಗಾಲದ ರಾತ್ರಿ ವಾಹನಕ್ಕೆ ತನ್ನ ದೀಪದ ಹೊರತು ಬೇರೆ ಬೆಳಕಿಲ್ಲ. ಹಾಗಾಗಿ ಎಂಜಿನ್ ರಿಪೇರಿಯಿಂದ ಬೇರೆಯೇ ಆದ ಬ್ಯಾಟರಿ–ವಯರಿಂಗ್ ಕೆಲಸಕ್ಕೆ ಈ ಭಾಗದ ಪೇಟೆಗಳಲ್ಲಿ ತನ್ನದೇ ಅಂಗಡಿ, ತನ್ನದೇ ಕುಶಲಕರ್ಮಿ ಹುಟ್ಟಿಕೊಂಡದ್ದು ಸಹಜ.

ಮೋಟಾರು ವಾಹನದ ಮೊದಲ ದೀಪಗಳಿಗೆ ವಿದ್ಯುತ್ತೇ ಇರಲಿಲ್ಲ. ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿಸಿ, ಬಂದ ಅಸಿಟಿಲೀನ್ ಅನಿಲವನ್ನು ಉರಿಸುತ್ತಿದ್ದರು. ಬೆಳಕು ಕುಂದಿದರೆ ಅನಿಲದ ಮೂತಿ ಕಟ್ಟಿದೆಯೇ, ನೀರಿನ ತೊಟ್ಟು ನಿಂತಿದೆಯೇ ಎಂದು ನೋಡಿದರೆ ಸಾಕಿತ್ತು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರು ವಿದ್ಯುತ್ ಸ್ಟಾರ್ಟರನ್ನೂ ವಿದ್ಯುತ್ ದೀಪವನ್ನೂ ಒಟ್ಟಿಗೆ ತಂದಿತು. ಮುಂದಿನ ಎರಡು ದಶಕಗಳಲ್ಲಿ ಬ್ಯಾಟರಿ, ಡೈನಮೊ, ಅವೆರಡನ್ನು ಕೂಡಿಸಿ ಬಿಡಿಸುವ ಕಟ್‌ಔಟ್ ಎಲ್ಲ ಗಾಡಿಗಳ ಸಾಮಾನ್ಯ ಅಂಗಗಳಾದವು. ಕಣ್ಣಿಗೆ ಕಾಣುವ ದೋಷದ ಕಾಲ ಅಲ್ಲಿಗೆ ಮುಗಿದು, ತಂತಿಯೊಳಗೆ ಅಡಗಿದ ದೋಷವನ್ನು ಹುಡುಕುವ ವಿದ್ಯೆ ಬೇಕಾಯಿತು.

ಈ ಸೀಮೆಯ ಗ್ಯಾರೇಜುಗಳಿಗೆ ಆ ವಿದ್ಯೆ ಕಲಿಸಿದವು ಮುಖ್ಯವಾಗಿ ಮೂರು ಗಾಡಿಗಳು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿತು. ತೋಟಕ್ಕೆ ಗೊಬ್ಬರ ಒಯ್ಯಲು, ಪೇಟೆಗೆ ಅಡಿಕೆ ಇಳಿಸಲು, ಬಸ್ಸಿಲ್ಲದ ಊರಿಗೆ ಸರ್ವಿಸ್ ಓಡಿಸಲು ಜೀಪಿನಷ್ಟು ಒಗ್ಗಿದ ವಾಹನ ಇನ್ನೊಂದಿರಲಿಲ್ಲ. 1950ರ ದಶಕದ ಕೊನೆಯಲ್ಲಿ ಬಂದ ಅಂಬಾಸಿಡರ್ ಟ್ಯಾಕ್ಸಿ ನಿಲ್ದಾಣಗಳನ್ನು ಹಿಡಿಯಿತು. ಅದರ ತಯಾರಿಕೆ ನಿಂತದ್ದು 2014ರಲ್ಲಿ. ಮೂರನೆಯದು ಫಿಯೆಟ್ 1100, ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದದ್ದು. ಅಂಬಾಸಿಡರಿನ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್, ವಿದ್ಯುತ್ ಪದ್ಧತಿ ಲ್ಯೂಕಾಸ್‌ನದು. 1961ರಲ್ಲಿ ಮದರಾಸಿನಲ್ಲಿ ಲ್ಯೂಕಾಸ್–ಟಿವಿಎಸ್ ಸ್ಥಾಪನೆಯಾದ ಮೇಲೆ ಅದರ ಬಿಡಿಭಾಗಗಳು ದೇಶದೊಳಗೇ ತಯಾರಾದವು.

ಡೈನಮೊ ಇದ್ದ ಗಾಡಿಗಳಲ್ಲಿ ಎಂಜಿನ್ ನಿಧಾನವಾಗಿ ತಿರುಗುವಾಗ ದೀಪ ಮಂಕಾಗುವುದು ದೋಷವಲ್ಲ, ಸ್ವಭಾವ. ಆ ವೇಗದಲ್ಲಿ ಡೈನಮೊ ಹೆಚ್ಚೇನೂ ವಿದ್ಯುತ್ ಕೊಡದು. ದೀಪದ ಭಾರವೆಲ್ಲ ಬ್ಯಾಟರಿಯ ಮೇಲೆ ಬೀಳುತ್ತದೆ. ಎಂಜಿನ್ ಏರಿಸಿದರೂ ಬೆಳಕು ಏರದಿದ್ದರೆ ಮಾತ್ರ ಬೆಲ್ಟು, ಡೈನಮೊದ ಕಾರ್ಬನ್ ಬ್ರಷ್, ಕಟ್‌ಔಟಿನ ಪಾಯಿಂಟುಗಳನ್ನು ನೋಡಬೇಕು. ನಿಧಾನ ವೇಗದಲ್ಲೂ ಚಾರ್ಜ್ ಮಾಡಬಲ್ಲ ಆಲ್ಟರ್ನೇಟರ್ ಬಂದ ಮೇಲೆ ಈ ಗೊಂದಲ ಬಹುಪಾಲು ತೀರಿತು.

ದೀಪದ ಸರ್ಕಿಟ್ ತೀರ ಸರಳವಾಗಿತ್ತು, ತೊಂದರೆಯ ಬೇರೂ ಆ ಸರಳತೆಯಲ್ಲೇ ಇತ್ತು. ರಿಲೇ ಇಲ್ಲ. ದೀಪಗಳ ಪೂರ್ತಿ ವಿದ್ಯುತ್ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕ ಬಂದು, ಹೈ ಬೀಮ್–ಡಿಮ್ ಬದಲಿಸುವ ಡಿಪ್ ಸ್ವಿಚ್ಚನ್ನು ದಾಟಿ ಬಲ್ಬಿಗೆ ಹೋಗಬೇಕು. ಜೀಪಿನಲ್ಲೂ ಹಳೆಯ ಅಂಬಾಸಿಡರಿನಲ್ಲೂ ಡಿಪ್ ಸ್ವಿಚ್ ಇದ್ದದ್ದು ನೆಲದಲ್ಲಿ, ಎಡಗಾಲಿನಲ್ಲಿ ಒತ್ತುವಂತೆ. ಕೆಸರು ಮೆತ್ತಿದ ಕಾಲಿನ ನೀರು ನೇರ ಅದರ ಮೇಲೇ ಇಳಿಯುತ್ತಿತ್ತು. ಒಳಗಿನ ಹಿತ್ತಾಳೆಗೆ ಕಿಲುಬು ಹಿಡಿದರೆ ಹೈ ಬೀಮ್ ಉರಿಯುತ್ತದೆ, ಡಿಮ್ ಉರಿಯದು. ಇಲ್ಲವೆ ಎರಡರ ನಡುವೆ ಒಂದು ಕ್ಷಣ ಪೂರ್ತಿ ಕತ್ತಲು. ತಿರುವಿನಲ್ಲಿ ಎದುರು ಲಾರಿ ಬಂದಾಗ ಆ ಒಂದು ಕ್ಷಣ ಎಷ್ಟು ದುಬಾರಿಯೆಂದು ಘಾಟಿ ರಸ್ತೆಯ ಚಾಲಕರು ಬಲ್ಲರು. ಫಿಯೆಟ್‌ನ ಡಿಪ್ ಸ್ಟೀರಿಂಗಿನ ಪಕ್ಕದ ಸನ್ನೆಯಲ್ಲಿದ್ದುದರಿಂದ ಈ ಕಾಟವಿರಲಿಲ್ಲ. ಅದರಲ್ಲಿ ಕೈಕೊಡುತ್ತಿದ್ದದ್ದು ಪಿಂಗಾಣಿ ಮೈಯ ಫ್ಯೂಸುಗಳ ತುದಿ. ಫ್ಯೂಸ್ ಸುಟ್ಟಿರುವುದಿಲ್ಲ, ಆದರೂ ತುದಿಯ ಕಿಲುಬಿನಿಂದ ವಿದ್ಯುತ್ ದಾಟದು. ತಿರುಗಿಸಿ ಎಮರಿ ಪೇಪರಿನಲ್ಲಿ ಉಜ್ಜಿದರೆ ಸರಿಹೋಗುತ್ತಿತ್ತು.

ಇವೆಲ್ಲಕ್ಕಿಂತ ಹೆಚ್ಚು ಜನರನ್ನು ದಾರಿ ತಪ್ಪಿಸಿದ್ದು ಅರ್ಥ್. ವಾಹನದಲ್ಲಿ ಬಲ್ಬಿಗೆ ಹೋಗುವ ತಂತಿ ಇರುತ್ತದೆ, ಹಿಂದಿರುಗುವ ದಾರಿ ಬಾಡಿಯ ತಗಡು. ಹೆಡ್‌ಲೈಟಿನ ಬಟ್ಟಲ ಹತ್ತಿರ ಒಂದು ಚಿಕ್ಕ ಸ್ಕ್ರೂ ಆ ದಾರಿಯ ಬಾಗಿಲು. ಚಕ್ರ ಎರಚುವ ಕೆಸರು ನೀರು ಮಡ್‌ಗಾರ್ಡಿನೊಳಗೆ ಅದಕ್ಕೇ ತಾಗುತ್ತದೆ. ಕಡಬದ ಬಳಿ ಹೊಸ್ಮಠದ ಹಳೆಯ ಮುಳುಗು ಸೇತುವೆಯಂಥ ಕಡೆ, ನೆರೆ ಇಳಿಯುತ್ತಲೇ ನೀರಿನಲ್ಲಿ ದಾಟಿದ ಗಾಡಿಗಳಲ್ಲಿ ಅದಕ್ಕೆ ಇನ್ನೂ ಬೇಗ ತುಕ್ಕು ಹಿಡಿಯುತ್ತಿತ್ತು. ತುಕ್ಕು ಹಿಡಿದ ಸ್ಕ್ರೂ ವಿದ್ಯುತ್ತನ್ನು ಪೂರ್ತಿ ತಡೆಯದೆ ಅರ್ಧಂಬರ್ಧ ಬಿಡುತ್ತದೆ. ಫಿಲಮೆಂಟ್ ಬಲ್ಬಿಗೆ ವೋಲ್ಟೇಜ್ ಶೇ. 10 ಕಡಿಮೆಯಾದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ. ಆದ್ದರಿಂದ 12 ವೋಲ್ಟಿನಲ್ಲಿ ಒಂದೂಕಾಲು ವೋಲ್ಟ್ ದಾರಿಯಲ್ಲಿ ಕಳೆದುಹೋದರೂ ದೀಪ ಕೆಂಪಡರಿ ಮಂಕಾಗುತ್ತದೆ. ಅರ್ಥ್ ಪೂರ್ತಿ ಕಡಿದರೆ ಇನ್ನೂ ವಿಚಿತ್ರ: ವಿದ್ಯುತ್ ಅದೇ ಬಲ್ಬಿನ ಇನ್ನೊಂದು ಫಿಲಮೆಂಟಿನ ಮೂಲಕ ಬೇರೆ ದೀಪದ ಸರ್ಕಿಟಿಗೆ ನುಗ್ಗಿ, ಹಾಕದ ದೀಪವೂ ಮಿಣುಕುತ್ತದೆ. ಬಲ್ಬು, ಬ್ಯಾಟರಿ ಎಲ್ಲ ಬದಲಿಸಿ ಹಣ ಕಳೆದುಕೊಂಡ ಮೇಲೆ ಸ್ಕ್ರೂ ಬಿಚ್ಚಿ ಉಜ್ಜಿದರೆ ಮುಗಿಯುವ ಕೆಲಸ ಇದು. ಮೊದಲು ನೋಡಬೇಕಾದದ್ದನ್ನು ಕೊನೆಗೆ ನೋಡುವ ರೂಢಿಯೇ ಈ ಖರ್ಚಿಗೆ ಕಾರಣ.

ದೋಷ ಹುಡುಕುವ ಕ್ರಮ ಹೀಗೆ ನೆಲೆಗೊಂಡಿತು. ಒಂದೇ ಬದಿ ಉರಿಯದಿದ್ದರೆ ಆ ಬದಿಯ ಬಲ್ಬು, ಹೋಲ್ಡರ್, ಅರ್ಥ್. ಎರಡೂ ಬದಿ ಒಟ್ಟಿಗೆ ಹೋಗಿದ್ದರೆ ಬಲ್ಬನ್ನು ಮುಟ್ಟದೆ ಬ್ಯಾಟರಿ ಟರ್ಮಿನಲ್, ಫ್ಯೂಸ್ ಇದ್ದರೆ ಫ್ಯೂಸ್, ಸ್ವಿಚ್, ಡಿಪ್ ಸ್ವಿಚ್. ಉಪಕರಣ ಎಂದರೆ ಒಂದು ಹಳೆಯ ಬಲ್ಬಿಗೆ ಎರಡು ತಂತಿ ಕಟ್ಟಿದ ಟೆಸ್ಟ್ ಲ್ಯಾಂಪ್. ಒಂದು ತಂತಿಯನ್ನು ಬಾಡಿಗೆ ಕೊಟ್ಟು, ಇನ್ನೊಂದನ್ನು ಬ್ಯಾಟರಿಯಿಂದ ದೀಪದವರೆಗೆ ಒಂದೊಂದೇ ಕೀಲಿಗೆ ತಾಗಿಸುತ್ತ ಹೋದರೆ ಎಲ್ಲಿ ಆರುತ್ತದೋ ಅದರ ಹಿಂದಿನ ತುಂಡಿನಲ್ಲಿ ದೋಷ. ಅರ್ಥ್ ಪರೀಕ್ಷೆಗೆ ಬ್ಯಾಟರಿಯ ಅರ್ಥ್ ತುದಿಯಿಂದ ಬಲ್ಬಿನ ಹೋಲ್ಡರಿಗೆ ಒಂದು ವೈರ್ ಹಿಡಿದರೆ ಸಾಕು; ಬೆಳಕು ತಟ್ಟನೆ ಏರಿದರೆ ಉತ್ತರ ಸಿಕ್ಕಿತು. ಹಳೆಯ ಲ್ಯೂಕಾಸ್ ಪದ್ಧತಿಯ ಕೆಲವು ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಅರ್ಥ್ ಆಗಿತ್ತು. ಅದನ್ನು ಗಮನಿಸದೆ ಬ್ಯಾಟರಿ ತಿರುಗಿಸಿ ಕಟ್ಟಿದರೆ ದೀಪಕ್ಕೆ ಏನೂ ಆಗದು, ಡೈನಮೊ ಮತ್ತು ಕಟ್‌ಔಟಿಗೆ ಪೆಟ್ಟು.

ಮುಂದೆ ಹ್ಯಾಲೊಜೆನ್ ಬಲ್ಬು ಬಂದು ಹೊಸ ಬಗೆಯ ತೊಂದರೆ ತಂದಿತು. ಮೂಲ ಬಲ್ಬು 45 ವ್ಯಾಟಿನದಾದರೆ ಜೋಡಿಗೆ ಬೇಕಾದದ್ದು ಏಳೂವರೆ ಆಂಪಿಯರ್. ಅದರ ಜಾಗಕ್ಕೆ 100 ವ್ಯಾಟಿನದನ್ನು ಹಾಕಿದರೆ ಅದೇ ಸಪೂರ ತಂತಿ, ಅದೇ ಸ್ವಿಚ್ ಸುಮಾರು 17 ಆಂಪಿಯರ್ ಹೊರಬೇಕು. ಹೋಲ್ಡರ್ ಕರಗುತ್ತಿತ್ತು, ಸ್ವಿಚ್ ಸುಟ್ಟ ವಾಸನೆ ಬರುತ್ತಿತ್ತು. ಪರಿಹಾರ ರಿಲೇ: ಬ್ಯಾಟರಿಯಿಂದ ದಪ್ಪ ತಂತಿ ಫ್ಯೂಸ್ ಮೂಲಕ ನೇರ ದೀಪಕ್ಕೆ; ಹಳೆಯ ಸ್ವಿಚ್ ರಿಲೇಯನ್ನು ಎಳೆಯುವ ಅಲ್ಪ ವಿದ್ಯುತ್ತನ್ನಷ್ಟೇ ನೋಡಿಕೊಳ್ಳುತ್ತದೆ. ಹಳೆಯ ಜೀಪುಗಳಿಗೆ ಆದ ಬದಲಾವಣೆಗಳಲ್ಲಿ ಇದು ಅತ್ಯಂತ ಉಪಕಾರಿ; ಮೂಲ ಬಲ್ಬಿನ ಬೆಳಕೂ ಇದರಿಂದ ಹೆಚ್ಚುತ್ತದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ದೀಪದ ಬಗ್ಗೆ ವಿವರವಾದ ಷರತ್ತು ಹಾಕಿದವು. 15 ವರ್ಷ ತುಂಬಿದ ಖಾಸಗಿ ಗಾಡಿ ನೋಂದಣಿ ನವೀಕರಣಕ್ಕೆ ಪುತ್ತೂರಿನ ಆರ್‌ಟಿಒ ಕಚೇರಿಗೆ ಹೋದಾಗ ದೀಪವೂ ತಪಾಸಣೆಗೆ ಒಳಪಡುತ್ತದೆ. ಈಗ ಹಳೆಯ ಜೀಪುಗಳಿಗೆ ಎಲ್‌ಇಡಿ ಬಲ್ಬು ಕೂಡಿಸುವವರು ಹೆಚ್ಚು. ಅದಕ್ಕೆ ವಿದ್ಯುತ್ ಕಡಿಮೆ ಸಾಕಾದ್ದರಿಂದ ತಂತಿ ಬಿಸಿಯಾಗದು. ಆದರೆ ಫಿಲಮೆಂಟಿಗಾಗಿ ಮಾಡಿದ ಬಟ್ಟಲಲ್ಲಿ ಅದರ ಬೆಳಕು ಸರಿಯಾಗಿ ಕೂಡದೆ ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ. ಪಾಸಿಟಿವ್ ಅರ್ಥ್ ಇರುವ ಗಾಡಿಯಲ್ಲಂತೂ, ಅದಕ್ಕೆ ಹೊಂದುವ ಬಲ್ಬಲ್ಲದಿದ್ದರೆ, ಅದು ಉರಿಯುವುದೇ ಇಲ್ಲ.