ಹಿಂಸಾಚಾರದ ಸುದ್ದಿ ಮತ್ತು ಮುಖಪುಟ ಚಿತ್ರ: ಕರ್ನಾಟಕ

ಕೊಲೆ, ಗಲಭೆ, ಸ್ಫೋಟ, ಗೋಲಿಬಾರಿನಂಥ ಘಟನೆಗಳ ಯಾವ ಛಾಯಾಚಿತ್ರ ಮುಖಪುಟಕ್ಕೆ ಸಲ್ಲಬೇಕು, ಯಾವುದು ಸಲ್ಲಬಾರದು ಎಂಬುದು ಪತ್ರಿಕಾವೃತ್ತಿಯ ಹಳೆಯ ಪ್ರಶ್ನೆ. ಕನ್ನಡ ಪತ್ರಿಕೆಗಳಲ್ಲಿ ಇದನ್ನು ಮೊದಲು ಮುದ್ರಣ ತಂತ್ರವೂ ಆಮೇಲೆ ಕಾನೂನು ಮತ್ತು ವೃತ್ತಿನೀತಿಯೂ ರೂಪಿಸಿವೆ.

ಹಿನ್ನೆಲೆ: ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ (1843) ಕಲ್ಲಚ್ಚಿನಲ್ಲಿ ಬಂತು. ಪತ್ರಿಕೆಗಳಲ್ಲಿ ಛಾಯಾಚಿತ್ರ ಇನ್ನೂ ಅಚ್ಚಾಗದ ಆ ಕಾಲದಲ್ಲಿ, 1858ರ ಫೆಬ್ರವರಿಯಲ್ಲಿ, ಇಂದಿನ ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕನ ಪಡೆ ಬ್ರಿಟಿಷರೊಡನೆ ಕಾದಿತು. ಅದೇ ವರ್ಷ ಛಾಯಾಗ್ರಾಹಕ ಫೆಲಿಸ್ ಬಿಯಾಟೊ, ಬ್ರಿಟಿಷರ ವಿರುದ್ಧದ ಅದೇ ಬಂಡಾಯದಲ್ಲಿ ಲಖನೌದ ಸಿಕಂದರ್ ಬಾಗಿನಲ್ಲಿ ಸತ್ತವರ ಎಲುಬುಗಳ ಚಿತ್ರ ತೆಗೆದನು. ಎಲುಬುಗಳನ್ನು ಚಿತ್ರಕ್ಕಾಗಿಯೇ ಹರಡಲಾಗಿತ್ತೆಂಬ ಆಕ್ಷೇಪ ಇಂದಿಗೂ ಇದೆ. ಛಾಯಾಚಿತ್ರವನ್ನು ನೇರವಾಗಿ ಅಚ್ಚುಹಾಕುವ ಹಾಫ್‌ಟೋನ್ ವಿಧಾನ ಪತ್ರಿಕೆಗಳಿಗೆ ಬಂದದ್ದು ಆ ಶತಮಾನದ ಕೊನೆಯ ದಶಕಗಳಲ್ಲಿ.

ಬ್ಲಾಕಿನಿಂದ ಡಿಜಿಟಲ್‌ಗೆ: ‘ಪ್ರಜಾವಾಣಿ’ 1948ರಲ್ಲಿ ಆರಂಭವಾದಾಗ ಮೊಳೆ ಜೋಡಣೆಯ ಕಾಲ. ಪ್ರತಿ ಚಿತ್ರಕ್ಕೂ ಲೋಹದ ಬ್ಲಾಕ್ ಮಾಡಿಸಬೇಕಿತ್ತು. ಅದಕ್ಕೆ ಹಣವೂ ಬೇಕು, ಹೊತ್ತೂ ಬೇಕು. ಆಯ್ಕೆಯ ಅವಕಾಶವೇ ಕಡಿಮೆ. 1970ರಲ್ಲಿ ಮಣಿಪಾಲದಿಂದ ಹೊರಟ ‘ಉದಯವಾಣಿ’ ಅಚ್ಚುಕಟ್ಟಾದ ಚಿತ್ರಮುದ್ರಣಕ್ಕೆ ಹೆಸರಾಯಿತು. ಆಫ್‌ಸೆಟ್, ಬಣ್ಣದ ಮುದ್ರಣ ಮತ್ತು ಡಿಜಿಟಲ್ ಕ್ಯಾಮೆರಾ ಹರಡಿದಂತೆ ರಕ್ತದ ಕೆಂಪು ಕಾಗದದ ಮೇಲೆ ಹಾಗೆಯೇ ಕಾಣತೊಡಗಿತು. ಕಷ್ಟ ಚಿತ್ರ ದೊರಕಿಸುವುದರಲ್ಲಿ ಉಳಿಯಲಿಲ್ಲ, ಬಿಡುವುದರಲ್ಲಿ ಮೂಡಿತು.

ಕರ್ನಾಟಕದ ಪ್ರಕರಣಗಳು: 2009ರ ಜನವರಿ 24ರ ಮಂಗಳೂರು ಪಬ್ ದಾಳಿಯ ದೃಶ್ಯಗಳು ದೇಶವಿಡೀ ಹರಡಿದವು. ದಾಳಿಕೋರರನ್ನು ಬಯಲಿಗೆಳೆದ ದೃಶ್ಯವೇ ಹೊಡೆತ ತಿಂದ ಹೆಣ್ಣುಮಕ್ಕಳನ್ನೂ ಬಯಲಿಗೆ ತಂದಿತು. 2012ರ ಜುಲೈ 28ರಂದು ಅದೇ ನಗರದ ಹೋಂಸ್ಟೇ ದಾಳಿಯನ್ನು ವರದಿ ಮಾಡಿದ ಟಿವಿ ಪತ್ರಕರ್ತ ನವೀನ್ ಸೂರಿಂಜೆ ಅವರನ್ನೇ ನವೆಂಬರ್‌ನಲ್ಲಿ ಬಂಧಿಸಲಾಯಿತು; ಜಾಮೀನು ಸಿಕ್ಕಿದ್ದು 2013ರ ಮಾರ್ಚ್‌ನಲ್ಲಿ. ಸಾಕ್ಷ್ಯ ಒದಗಿಸುವ ಕ್ಯಾಮೆರಾಕ್ಕೂ ರಕ್ಷಣೆ ಬೇಕೆಂಬುದನ್ನು ಆ ಪ್ರಕರಣ ತೋರಿಸಿತು. ಸಂಶೋಧಕ ಎಂ. ಎಂ. ಕಲಬುರ್ಗಿ (30 ಆಗಸ್ಟ್ 2015) ಮತ್ತು ಪತ್ರಕರ್ತೆ ಗೌರಿ ಲಂಕೇಶ್ (5 ಸೆಪ್ಟೆಂಬರ್ 2017) ಹತ್ಯೆಗಳಂಥ ಸುದ್ದಿಗಳಲ್ಲಿ ಡೆಸ್ಕಿನ ಮುಂದೆ ಎರಡು ದಾರಿಗಳಿರುತ್ತವೆ: ಬಿದ್ದ ದೇಹ ಅಥವಾ ಬದುಕಿದ್ದಾಗಿನ ಮುಖ. ಮೊದಲನೆಯದು ಕೊಲೆಗಾರನ ಕೃತ್ಯವನ್ನು ನೆನಪಿನಲ್ಲಿ ಉಳಿಸುತ್ತದೆ, ಎರಡನೆಯದು ಕೊಲೆಯಾದವರನ್ನು.

ನಿಯಮಗಳು: ಭಾರತೀಯ ಪತ್ರಿಕಾ ಮಂಡಳಿ 1966ರಲ್ಲಿ ಸ್ಥಾಪನೆಯಾಯಿತು, ತುರ್ತುಪರಿಸ್ಥಿತಿಯಲ್ಲಿ ರದ್ದಾಗಿ, 1978ರ ಕಾಯ್ದೆಯಡಿ ಮರಳಿ ಬಂತು. ಭಯೋತ್ಪಾದಕ ದಾಳಿ ಮತ್ತು ಕೋಮುಗಲಭೆಗಳಲ್ಲಿ ಛಿದ್ರಗೊಂಡ ಶವಗಳ ಚಿತ್ರ ಹಾಗೂ ಭೀತಿ, ಜುಗುಪ್ಸೆ ಅಥವಾ ಕೋಮುದ್ವೇಷ ಕೆರಳಿಸುವ ಚಿತ್ರ ಬೇಡವೆಂದು ಅದರ ನೀತಿಸೂತ್ರ ಹೇಳುತ್ತದೆ. ಅತ್ಯಾಚಾರ ಸಂತ್ರಸ್ತರ ಗುರುತು ಪ್ರಕಟಣೆಯನ್ನು ಭಾರತೀಯ ದಂಡ ಸಂಹಿತೆಯ 228ಎ ಕಲಂ 1983ರಿಂದ ನಿಷೇಧಿಸಿತ್ತು. ಈಗ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಅದನ್ನೇ ಮುಂದುವರಿಸಿದೆ. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಕ್ಕಳಿಗೆ 2012ರ ಪೋಕ್ಸೊ ಕಾಯ್ದೆಯ ರಕ್ಷಣೆಯಿದೆ.

ಮೌಲ್ಯಮಾಪನ: ಹಿಂಸೆಯನ್ನು ಮುಚ್ಚಿಡುವುದು ಪತ್ರಿಕಾಧರ್ಮವಲ್ಲ. 1972ರಲ್ಲಿ ನೇಪಾಮ್ ದಾಳಿಯಿಂದ ಓಡಿಬರುತ್ತಿದ್ದ ವಿಯೆಟ್ನಾಮಿನ ಮಕ್ಕಳ ಚಿತ್ರ ಯುದ್ಧದ ಸತ್ಯವನ್ನು ಜಗತ್ತಿಗೆ ಮುಟ್ಟಿಸಿತು. ಆದರೆ ಚಿತ್ರ ಹೊಸ ಸತ್ಯವನ್ನೇನೂ ಹೇಳದೆ ಬರೀ ದಿಗಿಲು ಹುಟ್ಟಿಸುವುದಾದರೆ ಅದಕ್ಕೆ ಮುಖಪುಟದಲ್ಲಿ ಜಾಗವಿರಬಾರದು. ಊರಿನ ಗಣ್ಯರಿಗೆ ಸಲ್ಲುವ ಮರ್ಯಾದೆ ದೂರದ ಬಡವನ ಶವಕ್ಕೂ ಸಲ್ಲಬೇಕು. ಈ ಎಚ್ಚರ ತಪ್ಪಿದ ಪತ್ರಿಕೆಗೆ ದಂಡ ವಿಧಿಸುವ ಅಧಿಕಾರ ಪತ್ರಿಕಾ ಮಂಡಳಿಗಿಲ್ಲ. ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು. ದಿನಪತ್ರಿಕೆಯ ಚಿತ್ರದ ಬಗ್ಗೆ ಮೊದಲು ಸಂಪಾದಕರಿಗೆ ಬರೆದು, ಪ್ರಕಟವಾದ ಎರಡು ತಿಂಗಳೊಳಗೆ ಮಂಡಳಿಗೆ ದೂರು ಸಲ್ಲಿಸುವ ಅವಕಾಶ ಓದುಗರಿಗಿದೆ.