ಲೀಕ್ಸ್‌ಲಿಪ್: ಪರ್ಯಾಯ ಇಂಧನ ವಾಹನಗಳಿಗೆ ಸರ್ಕಾರದ ನೆರವು ಮತ್ತು ನಿಯಮಗಳು

ಐರ್ಲೆಂಡಿನ ಕಿಲ್ಡೇರ್ ಕೌಂಟಿಯಲ್ಲಿ, ಡಬ್ಲಿನ್ ನಗರದ ಪಶ್ಚಿಮಕ್ಕೆ ಸುಮಾರು 17 ಕಿ.ಮೀ. ದೂರದಲ್ಲಿ ಲಿಫಿ ಮತ್ತು ರೈ ನದಿಗಳು ಕೂಡುವಲ್ಲಿರುವ ಪಟ್ಟಣ ಲೀಕ್ಸ್‌ಲಿಪ್. 1989ರಲ್ಲಿ ಇಂಟೆಲ್ ಕಂಪನಿ ಇಲ್ಲಿ ಚಿಪ್ ಕಾರ್ಖಾನೆಗೆ ಕೈಹಾಕಿದ ಮೇಲೆ ಊರು ಬೆಳೆದು, ಡಬ್ಲಿನ್ನಿಗೂ ಕಾರ್ಖಾನೆಗೂ ದಿನವೂ ಓಡಾಡುವವರ ನೆಲೆಯಾಯಿತು. ಆದ್ದರಿಂದ ಯಾವ ಗಾಡಿಗೆ ಎಷ್ಟು ತೆರಿಗೆ, ಯಾವುದಕ್ಕೆ ಎಷ್ಟು ಸಹಾಯಧನ ಎಂಬುದು ಇಲ್ಲಿ ಮನೆವಾರ್ತೆಯ ಲೆಕ್ಕಕ್ಕೇ ಸೇರಿದ ವಿಷಯ. ಆದರೆ ಅದನ್ನು ನಿರ್ಧರಿಸುವ ಅಧಿಕಾರ ಊರಿಗೆ ಎಂದೂ ಇರಲಿಲ್ಲ. ಇದ್ದ ಪುರಸಭೆಯೂ 2014ರ ಸ್ಥಳೀಯ ಆಡಳಿತ ಸುಧಾರಣೆಯಲ್ಲಿ ರದ್ದಾಯಿತು. ನೆರವು ಬರುವುದು ಡಬ್ಲಿನ್ನಿನ ಸಂಸತ್ತಿನಿಂದ, ಕಟ್ಟಳೆ ಬರುವುದು ಹೆಚ್ಚಾಗಿ ಬ್ರಸೆಲ್ಸ್‌ನಿಂದ. ವಾರ್ಷಿಕ ರಸ್ತೆ ತೆರಿಗೆ ವಸೂಲಿಯಂಥ ಕೆಲಸ ಮಾತ್ರ ಕೌಂಟಿ ಕೌನ್ಸಿಲಿನದು.

ಐರಿಷ್ ಸರ್ಕಾರ ಪರ್ಯಾಯ ಇಂಧನದ ಬೆನ್ನು ಹತ್ತಿದ್ದು ಹವಾಮಾನದ ಚಿಂತೆಯಿಂದಲ್ಲ, ಕೈಯಲ್ಲಿ ಉಳಿದದ್ದನ್ನು ಎಲ್ಲಿ ಬಳಸುವುದೆಂಬ ಚಿಂತೆಯಿಂದ. 1929ರಲ್ಲಿ ಶ್ಯಾನನ್ ನದಿಯ ಆರ್ಡ್ನಕ್ರುಷಾ ಜಲವಿದ್ಯುತ್ ಕೇಂದ್ರ ಶುರುವಾದಾಗ ಅಲ್ಲಿನ ವಿದ್ಯುತ್ತಿಗೆ ಸಾಕಷ್ಟು ಗಿರಾಕಿಗಳಿರಲಿಲ್ಲ. ಆಗ ರಸಾಯನ ವಿಜ್ಞಾನಿ ಜೇಮ್ಸ್ ಡ್ರಮ್ ರೂಪಿಸಿದ, ಬೇಗ ಚಾರ್ಜ್ ಆಗುವ ಬ್ಯಾಟರಿಗೆ ಸರ್ಕಾರ ಹಣ ಕೊಟ್ಟಿತು. ಅದರಿಂದ ಓಡಿದ ರೈಲು 1932ರಿಂದ 1949ರವರೆಗೆ ಡಬ್ಲಿನ್ ಮತ್ತು ಬ್ರೇ ನಡುವೆ ಸಂಚರಿಸಿತು.   ಇದೇ ಕಾಲದ ಇನ್ನೊಂದು ಪ್ರಯೋಗ ಆಲೂಗಡ್ಡೆಯದು. 1930ರ ದಶಕದಲ್ಲಿ ಸರ್ಕಾರವೇ ಆಲೂಗಡ್ಡೆಯಿಂದ ಮದ್ಯಸಾರ ತೆಗೆಯುವ ಕಾರ್ಖಾನೆಗಳನ್ನು ಕಟ್ಟಿಸಿ, ಪೆಟ್ರೋಲ್ ಕಂಪನಿಗಳು ಆ ಮದ್ಯಸಾರವನ್ನು ಕೊಂಡು ಬೆರೆಸಬೇಕೆಂದು ಕಾನೂನು ತಂದಿತು. ಇಂದು ಎಥೆನಾಲ್ ಮಿಶ್ರಣ ಎಂದು ಕರೆಯುವ ನಿಯಮದ ಮೂಲ ರೂಪ ಇದೇ. ಲೌತ್ ಕೌಂಟಿಯಲ್ಲಿದ್ದ ಅಂಥದೊಂದು ಕಾರ್ಖಾನೆ 1980ರ ದಶಕದಲ್ಲಿ ಖಾಸಗಿಯವರ ಕೈಸೇರಿ ಕೂಲಿ ವಿಸ್ಕಿ ಭಟ್ಟಿಯಾಯಿತು.

ಆಧುನಿಕ ಕಥೆ 1993ರ ಜನವರಿಯಲ್ಲಿ ಜಾರಿಗೆ ಬಂದ ವಾಹನ ನೋಂದಣಿ ತೆರಿಗೆಯಿಂದ (ವಿಆರ್‌ಟಿ) ಶುರುವಾಗುತ್ತದೆ. ಹೊಸ ಕಾರಿನ ಬೆಲೆಯ ಮೇಲೆ ಬೀಳುವ ಈ ಭಾರಿ ತೆರಿಗೆಯೇ ಸರ್ಕಾರದ ಕೈಯಲ್ಲಿದ್ದ ಮುಖ್ಯ ಅಸ್ತ್ರ. 2001ರಿಂದ ಹೈಬ್ರಿಡ್ ಕಾರುಗಳಿಗೂ 2006ರಿಂದ ಎಥೆನಾಲ್ ಬೆರೆತ ಇಂಧನದಲ್ಲಿ ಓಡಬಲ್ಲ ಕಾರುಗಳಿಗೂ ಅದರಲ್ಲಿ ಅರ್ಧದಷ್ಟು ವಿನಾಯಿತಿ ಸಿಕ್ಕಿತು. 2005ರಲ್ಲಿ ಮ್ಯಾಕ್ಸಾಲ್ ಬಂಕುಗಳು ಮಾರತೊಡಗಿದ ಇ85 ಇಂಧನದ ಎಥೆನಾಲ್ ಕಾರ್ಕ್ ಕೌಂಟಿಯಲ್ಲಿ ಚೀಸ್ ತಯಾರಿಯಲ್ಲಿ ಉಳಿದ ಹಾಲೊಡಕಿನಿಂದ ಬಂದದ್ದು. ಆಲೂಗಡ್ಡೆಯ ಜಾಗದಲ್ಲಿ ಹಾಲೊಡಕು. ಆ ಇಂಧನ ಜನಪ್ರಿಯವಾಗಲಿಲ್ಲ.

ಇಡೀ ಇತಿಹಾಸದಲ್ಲಿ ಅತ್ಯಂತ ಪರಿಣಾಮಕಾರಿಯಾದ, ಅಷ್ಟೇ ಎಡವಟ್ಟಾದ ಹೆಜ್ಜೆ 2008ರ ಜುಲೈ 1ರದು. ಅಲ್ಲಿಯವರೆಗೆ ಎಂಜಿನ್ನಿನ ಗಾತ್ರ ನೋಡಿ ತೆರಿಗೆ ಹಾಕುತ್ತಿದ್ದ ಸರ್ಕಾರ, ಅಂದಿನಿಂದ ಪ್ರತಿ ಕಿ.ಮೀ.ಗೆ ಕಾರು ಉಗುಳುವ ಇಂಗಾಲದ ಡೈಆಕ್ಸೈಡ್ ಎಷ್ಟು ಗ್ರಾಂ ಎಂದು ಅಳೆದು ತೆರಿಗೆ ಹಾಕತೊಡಗಿತು. ನೋಂದಣಿ ತೆರಿಗೆ ಶೇ. 14ರಿಂದ 36ರವರೆಗೆ ಏಳು ಹಂತಗಳಾಯಿತು. ವಾರ್ಷಿಕ ರಸ್ತೆ ತೆರಿಗೆ ಕಡಿಮೆ ಉಗುಳುವ ಕಾರಿಗೆ ನೂರು ಯೂರೋ ಆಸುಪಾಸು, ಹೆಚ್ಚು ಉಗುಳುವುದಕ್ಕೆ ಎರಡು ಸಾವಿರ ಆಸುಪಾಸು. ಗ್ರೀನ್ ಪಕ್ಷ ಸರ್ಕಾರದಲ್ಲಿ ಪಾಲುದಾರನಾಗಿದ್ದ ಕಾಲವದು. ಉದ್ದೇಶ ಒಳ್ಳೆಯದೇ. ಆದರೆ ಒಂದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಡೀಸೆಲ್ ಕಾರು ಕಿ.ಮೀ.ಗೆ ಕಡಿಮೆ ಇಂಗಾಲ ಉಗುಳುತ್ತದೆ. ಜನ ಲೆಕ್ಕ ಹಾಕಿದರು, ಡೀಸೆಲ್ ಕೊಂಡರು. ಹೊಸ ಕಾರುಗಳಲ್ಲಿ ನಾಲ್ಕರಲ್ಲಿ ಒಂದರಷ್ಟಿದ್ದ ಡೀಸೆಲ್ ಪಾಲು ಕೆಲವೇ ವರ್ಷಗಳಲ್ಲಿ ಶೇ. 70 ದಾಟಿತು. ಡೀಸೆಲ್ ಹೊಗೆಯ ನೈಟ್ರೋಜನ್ ಆಕ್ಸೈಡನ್ನು ಆ ಹಂತಗಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದಕ್ಕೆ ಪ್ರತ್ಯೇಕ ಶುಲ್ಕ ಬಂದದ್ದು 2020ರ ಜನವರಿಯಲ್ಲಿ, ಹನ್ನೊಂದೂವರೆ ವರ್ಷ ತಡವಾಗಿ. ಅಷ್ಟರಲ್ಲಿ ಡಬ್ಲಿನ್ ಸುತ್ತಲಿನ ಬಡಾವಣೆಗಳ ಅಂಗಳಗಳೆಲ್ಲ ಡೀಸೆಲ್ ಕಾರುಗಳಿಂದ ತುಂಬಿದ್ದವು. ತೆರಿಗೆಗೆ ಐರಿಷ್ ಗ್ರಾಹಕ ಎಷ್ಟು ಚುರುಕಾಗಿ ಓಗೊಡುತ್ತಾನೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ.

ವಿದ್ಯುತ್ ಕಾರಿನ ವಿಷಯದಲ್ಲಿ ಸರ್ಕಾರ ಮೊದಲು ಘೋಷಣೆಯನ್ನೇ ನೆಚ್ಚಿತು. 2020ರ ಹೊತ್ತಿಗೆ ದೇಶದ ವಾಹನಗಳಲ್ಲಿ ಶೇ. 10 ವಿದ್ಯುತ್ತಿನಿಂದ ಓಡಬೇಕೆಂದು ಸಚಿವ ಈಮನ್ ರಯನ್ 2008ರ ನವೆಂಬರ್‌ನಲ್ಲಿ ಘೋಷಿಸಿದರು. ಅಂದರೆ ಎರಡು ಲಕ್ಷಕ್ಕೂ ಮೀರಿದ ಗಾಡಿಗಳು. 2010ರಲ್ಲಿ ಸರ್ಕಾರ, ಸರ್ಕಾರಿ ವಿದ್ಯುತ್ ಸಂಸ್ಥೆ ಇಎಸ್‌ಬಿ ಹಾಗೂ ರೆನೋ-ನಿಸ್ಸಾನ್ ಕೂಟ ಒಪ್ಪಂದ ಮಾಡಿಕೊಂಡವು. 2011ರಿಂದ ಸುಸ್ಥಿರ ಇಂಧನ ಪ್ರಾಧಿಕಾರದ ಮೂಲಕ ಕಾರಿಗೆ 5,000 ಯೂರೋವರೆಗೆ ಸಹಾಯಧನ, ಅದರ ಮೇಲೆ ನೋಂದಣಿ ತೆರಿಗೆಯಲ್ಲಿ 5,000 ಯೂರೋವರೆಗೆ ರಿಯಾಯಿತಿ. ಬೀದಿಯ ಚಾರ್ಜರುಗಳಲ್ಲಿ ವರ್ಷಗಟ್ಟಲೆ ವಿದ್ಯುತ್ ಪುಕ್ಕಟೆ. ಇಷ್ಟಾದರೂ ಜನ ಮುಗಿಬೀಳಲಿಲ್ಲ. ಗುರಿ ಮುಟ್ಟದಿದ್ದಾಗ ಸರ್ಕಾರ ಗುರಿಯನ್ನೇ ಮೊದಲು 50,000ಕ್ಕೆ, ಆಮೇಲೆ 20,000ಕ್ಕೆ ಇಳಿಸಿತು.

2018ರ ನಂತರ ನೆರವು ದಟ್ಟವಾಯಿತು. ಮನೆಯಲ್ಲಿ ಚಾರ್ಜರ್ ಹಾಕಿಸಲು 600 ಯೂರೋ, ಕಂಪನಿ ಕೊಡುವ ವಿದ್ಯುತ್ ಕಾರಿಗೆ ನೌಕರನ ಮೇಲೆ ಆಗ ತೆರಿಗೆಯಿರಲಿಲ್ಲ, ಟೋಲಿನಲ್ಲಿ ರಿಯಾಯಿತಿಯೂ ಇತ್ತು. ಎಂ50 ವರ್ತುಲ ರಸ್ತೆಯನ್ನು ದಿನವೂ ಬಳಸುವ, ಎಂ4 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಕಿಲ್‌ಕಾಕ್ ದಾಟಿದ ಮೇಲೆ ಟೋಲ್ ಕಟ್ಟುವ ಲೀಕ್ಸ್‌ಲಿಪ್‌ನವರಿಗೆ ಈ ಕೊನೆಯದು ನೇರ ಉಳಿತಾಯವಾಗಿತ್ತು. ಟ್ಯಾಕ್ಸಿಯವರಿಗಂತೂ 2021ರಲ್ಲಿ, ಹಳೆಯ ಗಾಡಿ ಗುಜರಿಗೆ ಹಾಕಿದರೆ 20,000 ಯೂರೋ, ಗಾಲಿಕುರ್ಚಿ ಹತ್ತುವಂಥ ವಾಹನವಾದರೆ 25,000 ಯೂರೋವರೆಗೆ ಸಿಕ್ಕಿತು. 2019ರ ಹವಾಮಾನ ಯೋಜನೆ 2030ಕ್ಕೆ 9,36,000 ವಿದ್ಯುತ್ ವಾಹನಗಳೆಂಬ ಹೊಸ ಗುರಿ ಇಟ್ಟಿತು. ಮಾರಾಟ ಏರತೊಡಗಿದ ಕೂಡಲೇ ಸರ್ಕಾರದ ಕೈ ಹಿಂದೆ ಸರಿಯಿತು. ಪ್ಲಗ್-ಇನ್ ಹೈಬ್ರಿಡ್‌ಗಳ ಸಹಾಯಧನ 2021ರ ಕೊನೆಗೆ ನಿಂತಿತು. ವಿದ್ಯುತ್ ಕಾರಿನದು 2023ರ ಜುಲೈಯಿಂದ 3,500 ಯೂರೋಗೆ, ಮನೆಯ ಚಾರ್ಜರಿನದು 2024ರಿಂದ 300 ಯೂರೋಗೆ ಇಳಿಯಿತು. 2023ರಲ್ಲಿ ಸುಮಾರು 23,000ದಷ್ಟಿದ್ದ ಹೊಸ ವಿದ್ಯುತ್ ಕಾರುಗಳ ನೋಂದಣಿ 2024ರಲ್ಲಿ ಸುಮಾರು 17,000ಕ್ಕೆ ಕುಸಿಯಿತು. ಸಹಾಯಧನ ಒಂದೇ ಕಾರಣವಲ್ಲದಿರಬಹುದು, ಆದರೆ ಕಡಿತದ ಹೊತ್ತು ಸರಿಯಿರಲಿಲ್ಲ. ಹೀಗೆ ಕೊಟ್ಟು ಕಿತ್ತುಕೊಳ್ಳುವುದು ಐರ್ಲೆಂಡಿಗಷ್ಟೇ ಸೇರಿದ್ದಲ್ಲ. 2017ರಲ್ಲಿ ಭಾರತದಲ್ಲೇ ಮೊದಲಾಗಿ ವಿದ್ಯುತ್ ವಾಹನ ನೀತಿ ತಂದ ಕರ್ನಾಟಕ, ಅಲ್ಲಿಯವರೆಗೆ ತೆರಿಗೆ ಮುಕ್ತವಾಗಿದ್ದ ಈ ವಾಹನಗಳಲ್ಲಿ 25 ಲಕ್ಷ ರೂಪಾಯಿ ಮೀರಿದವಕ್ಕೆ 2024ರಲ್ಲಿ ಶೇ. 10 ಜೀವಾವಧಿ ತೆರಿಗೆ ಹಾಕಿತು. ಅಲ್ಲಿ ಹೊರೆ ಬಿದ್ದದ್ದು ದುಬಾರಿ ಕಾರುಗಳ ಮೇಲೆ ಮಾತ್ರ. ಐರ್ಲೆಂಡಿನ ಕಡಿತ ಸಾಧಾರಣ ಕಾರನ್ನೂ ಬಿಡಲಿಲ್ಲ.

ನಿಯಮಗಳು ಸಹಾಯಧನದಷ್ಟು ಸುದ್ದಿಯಾಗುವುದಿಲ್ಲ, ಆದರೆ ಹೆಚ್ಚು ಕಾಲ ನಿಲ್ಲುತ್ತವೆ. 2010ರ ಕಾಯ್ದೆ ತೈಲ ಕಂಪನಿಗಳಿಗೆ ಶೇ. 4 ಜೈವಿಕ ಇಂಧನ ಮಾರುವುದನ್ನು ಕಡ್ಡಾಯ ಮಾಡಿತು. 2023ರ ಜುಲೈಯಿಂದ ಬಂಕುಗಳ ಸಾಮಾನ್ಯ ಪೆಟ್ರೋಲ್ ಎಥೆನಾಲ್ ಬೆರೆತ ಇ10 ಆಯಿತು. 2010ರಲ್ಲಿ ಟನ್ನಿಗೆ 15 ಯೂರೋ ಇದ್ದ ಇಂಗಾಲ ತೆರಿಗೆ 2030ಕ್ಕೆ 100 ಯೂರೋ ಮುಟ್ಟುವಂತೆ ವರ್ಷವರ್ಷವೂ ಏರಬೇಕೆಂದು 2020ರ ಹಣಕಾಸು ಕಾಯ್ದೆ ವಿಧಿಸಿತು. 2021ರ ಕಟ್ಟಡ ನಿಯಮಗಳ ಪ್ರಕಾರ ಹೊಸ ಮನೆಗಳಲ್ಲಿ ಚಾರ್ಜರಿಗೆ ಬೇಕಾದ ವ್ಯವಸ್ಥೆ ಮೊದಲೇ ಇರಬೇಕು. ಪೆಟ್ರೋಲ್, ಡೀಸೆಲ್ ಕಾರುಗಳ ಮಾರಾಟವನ್ನು 2030ಕ್ಕೇ ನಿಲ್ಲಿಸುವ ಐರಿಷ್ ಯೋಜನೆ ಕಾನೂನಾಗಲಿಲ್ಲ. ಅದರ ಜಾಗಕ್ಕೆ 2035ರಿಂದ ಹೊಸ ಕಾರು ಇಂಗಾಲ ಉಗುಳಬಾರದೆಂಬ 2023ರ ಯುರೋಪಿಯನ್ ಒಕ್ಕೂಟದ ನಿಯಮ ಬಂತು.

ಲೀಕ್ಸ್‌ಲಿಪ್‌ನಂಥ ಊರಿಗೆ ಕಾರಿನ ಸಹಾಯಧನಕ್ಕಿಂತ ಸಾರ್ವಜನಿಕ ಸಾರಿಗೆಯ ಮೇಲಿನ ಖರ್ಚೇ ಹೆಚ್ಚು ಉಪಯುಕ್ತ. ಕಾರು ಕೊಳ್ಳಲಾರದವನಿಗೂ ಅದು ಮುಟ್ಟುತ್ತದೆ. ನಗರ ಸಾರಿಗೆಗೆ ಡೀಸೆಲ್ ಮಾತ್ರದ ಬಸ್ಸುಗಳನ್ನು 2019ರ ಜುಲೈಯಿಂದ ಕೊಳ್ಳಬಾರದೆಂದು ಸರ್ಕಾರ ನಿರ್ಧರಿಸಿತು. ಲೀಕ್ಸ್‌ಲಿಪ್‌ನ ಕಾನ್‌ಫಿ ಮತ್ತು ಲೂಯಿಸಾ ಬ್ರಿಡ್ಜ್ ನಿಲ್ದಾಣಗಳ ಮೂಲಕ ಮೇನೂತ್‌ಗೆ ಹೋಗುವ ಡೀಸೆಲ್ ರೈಲುಮಾರ್ಗವನ್ನು ವಿದ್ಯುದೀಕರಿಸುವ ‘ಡಾರ್ಟ್+ ವೆಸ್ಟ್’ ಯೋಜನೆಗೆ 2024ರಲ್ಲಿ ಅನುಮತಿ ಸಿಕ್ಕಿತು. ಆದರೆ ಆ ರೈಲುಗಳಿಗಾಗಿ ಮೇನೂತ್‌ನ ಪಶ್ಚಿಮಕ್ಕೆ ಕಟ್ಟಬೇಕೆಂದಿದ್ದ ಡಿಪೋವನ್ನು ಅದೇ ಆದೇಶ ಕೈಬಿಟ್ಟಿತು.